ಎರೆಹುಳ ಒಣಗಿದ ಎಲೆ ಎಳೆಯುವುದು ಯಾಕೆ

ಲೋಕ ಇನ್ನೂ ಹೊಸದು. ಮಣ್ಣು ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗಿತ್ತು. ಆಗ ಎರೆಹುಳ ಮಣ್ಣೊಳಗೆ ಇರುತ್ತಿರಲಿಲ್ಲ. ಮೇಲೇ ಇತ್ತು. ಅದಕ್ಕೆ ಕಣ್ಣಿತ್ತು. ಮುಖವೂ ಇತ್ತು.

ಅದರ ಮನೆ ನೀಲಿ ಹೂವಿನ ಬುಡದಲ್ಲಿ. ಈಗ ನರ್ಸರಿಯವರು ಐರಿಸ್ ಅನ್ನುತ್ತಾರಲ್ಲ, ಅದೇ ಹೂ. ಕತ್ತಿಯಂಥ ಎಲೆ, ಶುಂಠಿಯಂಥ ಗೆಡ್ಡೆ. ಎಲೆ ಒಣಗಿ ಬಿದ್ದರೆ ಎರೆಹುಳಕ್ಕೆ ಅದೇ ಊಟ, ಅದೇ ಹಾಸಿಗೆ.

"ಉಂಡೆಯಾ ಎರೆಯಣ್ಣ?" ಹೂ ದಿನಾ ಕೇಳುತ್ತಿತ್ತು.

"ಉಂಡೆ ತಾಯಿ."

ಒಂದು ಸಲ ಹೂಗಿಡಗಳು ಬಾಡತೊಡಗಿದವು. ಗೆಡ್ಡೆ ಕೊಳೆತು ನಾರುತ್ತಿತ್ತು. ಒಳಗೆ ಯಾವುದೋ ಹುಳ ಕೊರೆಯುತ್ತಿತ್ತು.

ತೋಟದ ಹಿರಿಯಳು ಹೊಂಬಾಳಮ್ಮ ಎಲ್ಲರನ್ನೂ ಕರೆದಳು. ಆಗ ತೋಟದ ಕೆಲಸ ಎಲ್ಲರದ್ದೂ. ಒಂದು ಪದ್ಧತಿಯಿತ್ತು. ಬಂದವರು ಕಂಡದ್ದನ್ನು ಹೇಳಬೇಕು, ತಮ್ಮ ಪಾತಿಯ ಮಣ್ಣು ತಂದು ನಡುವೆ ಸುರಿಯಬೇಕು. ಮಣ್ಣು ಸುರಿದರೆ, ಏನನ್ನೂ ಮುಚ್ಚಿಟ್ಟಿಲ್ಲ ಎಂದರ್ಥ.

ಇರುವೆ ಹೇಳಿತು, "ಹುಳ ಮೊದಲು ಎಲೆ ಕಚ್ಚುತ್ತದೆ ಅವ್ವ. ಆಮೇಲೆ ಗೆಡ್ಡೆಗೆ ಇಳಿಯುತ್ತದೆ." ಮಣ್ಣು ಸುರಿಯಿತು.

ಕಪ್ಪೆ ಹೇಳಿತು, "ಎಲೆ ಹಿಸುಕಿದರೆ ಹುಳ ಅಲ್ಲೇ ಸಾಯುತ್ತದೆ. ನಾನು ಮೇಲೆ ಕೂತೇ ಕೊಂದಿದ್ದೇನೆ."

"ನೀನು ಕೂತರೆ ಗಿಡವೂ ಸಾಯುತ್ತದೆ," ಅಂದಿತು ಇರುವೆ. ಎಲ್ಲರೂ ನಕ್ಕರು. ಕಪ್ಪೆ ಗಂಟಲುಬ್ಬಿಸಿಕೊಂಡು ಮಣ್ಣು ಸುರಿಯಿತು.

ಗಾಳಿ ಹೇಳಿತು, "ಸಂಜೆ ಒಂದು ಕಂದು ಪತಂಗ ಬರುತ್ತದೆ. ಮೊಟ್ಟೆ ಎಲ್ಲಿಡುತ್ತದೋ ಕಾಣಲಿಲ್ಲ."

"ಅದು ಗೊತ್ತಾದರೆ ಹೂ ಉಳಿಯುತ್ತದೆ," ಅಂದಳು ಹೊಂಬಾಳಮ್ಮ. "ನೀನು ಬುಡದಲ್ಲೇ ಇರುವವನು. ಕಂಡೆಯೇನಪ್ಪ ಎರೆಯಣ್ಣ?"

ಎರೆಹುಳ ಕಂಡಿತ್ತು. ಮೊಟ್ಟೆ ಇದ್ದದ್ದು ಒಣಗಿದ ಎಲೆಯಲ್ಲಿ. ಹೇಳಿದರೆ ಎಲೆ ಗುಡಿಸಿ ಸುಡುತ್ತಾರೆ. ಊಟ ಹೋಗುತ್ತದೆ. ಹಾಸಿಗೆ ಹೋಗುತ್ತದೆ.

"ಇಲ್ಲವ್ವ," ಅಂದಿತು. ತಂದ ಮಣ್ಣು ಸುರಿದೂ ಬಿಟ್ಟಿತು.

"ಪಾಪ, ಅವನು ಬೇಗ ಮಲಗುತ್ತಾನೆ," ಅಂದಿತು ಹೂ.

ಚಳಿ ಕಳೆಯಿತು. ಮೊಟ್ಟೆ ಒಡೆಯಿತು. ಹುಳ ಈ ಹೂವಿನ ಗೆಡ್ಡೆಗೂ ಇಳಿಯಿತು. ಒಂದು ಬೆಳಿಗ್ಗೆ ಹೂ ವಾಲಿತು. ಬೀಳುವ ಮುಂಚೆಯೂ ಕೇಳಿತು.

"ಉಂಡೆಯಾ ಎರೆಯಣ್ಣ?"

ಹೂ ಬಿತ್ತು.

ಆಮೇಲೆ ಎರೆಹುಳ ಹೊಂಬಾಳಮ್ಮನ ಹತ್ತಿರ ತೆವಳಿತು. "ಮೊಟ್ಟೆ ಒಣಗಿದ ಎಲೆಯಲ್ಲಿತ್ತು ಅವ್ವ. ನನಗೆ ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಣಗಿದ ಎಲೆಯನ್ನೆಲ್ಲ ಗುಡಿಸಿ ಸುಟ್ಟಳು. ಕೊಳೆತ ಗೆಡ್ಡೆಯನ್ನು ಕೊಯ್ದಳು. ಒಂದು ಚೂರು ಗಟ್ಟಿ ಉಳಿದಿತ್ತು. ಅದನ್ನು ನೆಟ್ಟಳು.

"ಇದು ಮಗು. ಇದಕ್ಕೇನೂ ಗೊತ್ತಿಲ್ಲ. ಇಲ್ಲೇ ಇರು," ಅಂದಳು.

ಎರೆಹುಳಕ್ಕೆ ಇರಲಾಗಲಿಲ್ಲ. ಚಿಗುರು ಮೇಲೆ ಬಂದು ತನ್ನ ಮುಖ ನೋಡುವ ಮೊದಲೇ ಮಣ್ಣಿಗಿಳಿಯಿತು. ಕತ್ತಲಲ್ಲಿ ಕಣ್ಣು ಹೋಯಿತು. ಮುಖವೂ ಸವೆದುಹೋಯಿತು. ತಲೆ ಯಾವುದು, ಬಾಲ ಯಾವುದು, ಈಗ ತಿಳಿಯುವುದಿಲ್ಲ.

ಮಳೆ ಬಂದ ಮಾರನೆಯ ಬೆಳಿಗ್ಗೆ ಗಿಡದ ಬುಡ ನೋಡು, ಮಗು. ಒಣಗಿದ ಎಲೆಯೊಂದು ಅರ್ಧ ಮಣ್ಣೊಳಗೆ ಹೋಗಿ, ನೆಟ್ಟ ಹಾಗೆ ನಿಂತಿರುತ್ತದೆ. ಯಾರೂ ಹೇಳದೆ, ಯಾರೂ ಏಳುವ ಮುಂಚೆ, ಪತಂಗದ ಮೊಟ್ಟೆಗೆ ಜಾಗ ಉಳಿಯದ ಹಾಗೆ, ಎರೆಹುಳ ಅದನ್ನು ಕೆಳಗೆ ಎಳೆದುಕೊಳ್ಳುತ್ತಿರುತ್ತದೆ.