ಅಧ್ಯಕ್ಷರ ಒದ್ದೆ ಹೆಜ್ಜೆ

ಶಾಲೆಯ ಫುಟ್‌ಬಾಲ್ ತಂಡಕ್ಕೆ ಶಾಲಾ ಸಮಿತಿಯ ಅಧ್ಯಕ್ಷ ಗುರುಶಾಂತಪ್ಪನವರು ತೆಳ್ಳನೆ ತಳದ ಬೂಟು ತರಿಸಿದ್ದರು. ಅದನ್ನು ಹಾಕಿಕೊಂಡು ಓಡಿದ ಶಕೀಲಾಳಿಗೆ ಪಾದವೆಲ್ಲ ನೋವು. ಇವಳದು ಚಪ್ಪಟೆ ಪಾದ, ಒಳಗೆ ಆಸರೆಯಿರುವ ಬೂಟು ಬೇಕು ಅಂತ ಡಾಕ್ಟರು ಚೀಟಿ ಬರೆದುಕೊಟ್ಟರು.

ಆಟದ ಮಾಸ್ತರರು ತೋರಿಸಿದ ಆ ಚೀಟಿಯನ್ನು ಅಧ್ಯಕ್ಷರು ಮುದ್ದೆ ಮಾಡಿ ಎಸೆದರು. "ನಾ ತಂದ ಬೂಟು ಒಗ್ಗದ ಕಾಲು ಆಟಕ್ಕ ಬ್ಯಾಡ. ಅಂಥವ್ರನ್ನೆಲ್ಲ ತಗೀರಿ ಮಾಸ್ತರ."

ನೆಲ ಒರೆಸುತ್ತಿದ್ದ ಆಯಾ ತಲೆಯೆತ್ತಿದಳು. "ಖರೇ ಐತ್ರಿ ಸಾಹೇಬ್ರ. ಎಲ್ಲಾರೂ ಒದ್ದಿ ಕಾಲಿಲೆ ನಡೀಲಿ. ಗುರುತಿನ ನಡುವ ಖಾಲಿ ಉಳದ್ರ ಚಲೋ ಕಾಲು, ಪೂರ್ತಿ ಮೂಡಿದ್ರ ಚಪ್ಪಟಿ. ಚಲೋ ಕಾಲು ಹೆಂಗಿರತೈತಿ ಅಂತ ಮದಲ ನೀವ ತೋರಸ್ರಿ."

ಅಧ್ಯಕ್ಷರು ಬೂಟು ಕಳಚಿದರು. ಬಕೆಟ್ಟಿನಲ್ಲಿ ಕಾಲದ್ದಿ, ಠೀವಿಯಿಂದ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರು.

ನೆಲದ ಮೇಲೆ ನಾಲ್ಕು ರೊಟ್ಟಿ ತಟ್ಟಿದಂತಿತ್ತು. ನಡುವೆ ಎಲ್ಲೂ ಖಾಲಿಯಿಲ್ಲ. ಅಧ್ಯಕ್ಷರು, ಇದು ಬೇರೆ ಯಾರದೋ ಕಾಲೇನೋ ಎಂಬಂತೆ ಗೋಡೆ ಹಿಡಿದು ಅಂಗಾಲು ಎತ್ತಿ ನೋಡಿಕೊಂಡರು.

"ನಿನಗಿದು ಮದಲ ಗೊತ್ತಿತ್ತೇನು?"

"ಪ್ರತಿ ವರ್ಷ ಶಾರದಾ ಪೂಜಿಗೆ ಕಾಲು ತೊಳಕೊಂಡು ಬರ್ತೀರಲ್ರಿ. ಆಮ್ಯಾಲ ನೆಲಾ ಒರಸಾಕಿ ನಾನ."

ಅಧ್ಯಕ್ಷರು ಬಗ್ಗಿ ಚೀಟಿ ಹೆಕ್ಕಿದರು. ನಿಧಾನವಾಗಿ ಬಿಡಿಸಿ ಓದಿದರು.

"ಮಾಸ್ತರ, ಈ ಚೀಟ್ಯಾಗಿನ ಬೂಟು ದೊಡ್ಡವ್ರ ಅಳತಿಯೊಳಗೂ ಸಿಗತಾವೇನು?"