ಅಡಿವೆಪ್ಪನ ಲೇಖನಿ, ಶಾಯಿ, ಕಾಗದ

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ನೀಲವ್ವ ಅಂತ ಒಬ್ಬಳಿದ್ದಳು. ಆಕೆಗೊಬ್ಬನೇ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಒಲೆ ಮುಂದೆ ಕೂತಿರು ಅಂದರೆ ಅನ್ನ ಸೀದರೂ ಕೂತೇ ಇರುತ್ತಿದ್ದ. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೇ?

ನೀಲವ್ವನಿಗೆ ಒಂದೇ ಚಿಂತೆ. "ನಾ ಕಣ್ಣು ಮುಚ್ಚಿದ ಮ್ಯಾಲ ಇವಗ ಅನ್ನ ಹಾಕವ್ರು ಯಾರು?"

ಆ ಊರಲ್ಲಿ ಹಾಲಯ್ಯ ಮಾಸ್ತರರು ಮುತ್ತು ಪೋಣಿಸಿದಂಥ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದರು. ಅವರಲ್ಲಿ ಕಲಿತವರಿಗೆ ಮಠದಲ್ಲಿ ಪುರಾಣ ನಕಲು ಮಾಡುವ ಕೆಲಸ, ಎರಡು ಹೊತ್ತಿನ ಊಟ. ನೀಲವ್ವ ಮಗನನ್ನು ಅಲ್ಲಿಗೆ ಅಟ್ಟಿದಳು.

ಮಾಸ್ತರರು ಅಂದರು, "ಮೊದಲು ಲೇಖನಿ ಆಗಬೇಕು. ಬಲಿತ ಬಿದಿರು ತಾ."

"ಹಂಗ ಆಗಲ್ರೀ!"

ತಂದ. ಬೇರಿನಿಂದ ತುದಿತನಕ ಇಡೀ ಬಿದಿರು! ಅದು ಬಾಗಿಲಲ್ಲಿ ಹಿಡಿಸಲಿಲ್ಲ, ಸೂರಿನ ನಾಲ್ಕು ಹಂಚು ಕೆಳಗೆ ಬಂದವು.

"ಅಯ್ಯ ಮಳ್ಳ! ಗೇಣುದ್ದ ಕಡಿದು, ತುದಿ ಓರೆಯಾಗಿ ಕೊಯ್ದು, ನಡುವ ಸೀಳಿ ತರಬೇಕಲೇ!"

"ಇನ್ನ ಮ್ಯಾಲ ಹಂಗ ಆಗಲ್ರೀ! ಈಗೇನು ತರ್ಲಿ?"

"ಶಾಯಿ ತಾ."

ಅಂಗಡಿಯವನು ಸೋರೆಬುರುಡೆಯಲ್ಲಿ ಶಾಯಿ ತುಂಬಿಕೊಟ್ಟ. ಓರೆಯಾಗಿ ಕೊಯ್ಯಬೇಕು, ನಡುವ ಸೀಳಬೇಕು ಅಂತ ಹೇಳಿಕೊಳ್ಳುತ್ತಾ ನಮ್ಮ ಅಡಿವೆಪ್ಪ ಬುರುಡೆಯ ಕುತ್ತಿಗೆ ಓರೆಯಾಗಿ ಕೊಯ್ದ, ಹೊಟ್ಟೆ ನಡುವೆ ಸೀಳಿದ. ಶಾಯಿಯೆಲ್ಲ ಧೋತರಕ್ಕೆ! ಒಂದೊಂದು ಕೈಯಲ್ಲಿ ಒಂದೊಂದು ಹೋಳು ಹಿಡಿದು ಬಂದ. ತಳದಲ್ಲಿ ಒಂದಿಷ್ಟು ಗಟ್ಟಿ ಶಾಯಿ ಉಳಿದಿತ್ತು.

ಮಾಸ್ತರರು ಹಣೆ ಬಡಿದುಕೊಂಡರು. "ಶಾಯಿ ಗಟ್ಟಿ ಇದ್ರ ನೀರು ಹಾಕಿ, ಕುಲುಕಿ ಕುಲುಕಿ ತೆಳ್ಳಗ ಮಾಡಬೇಕಲೇ! ಹೋಗು, ಕಾಗದಾದ್ರೂ ನೆಟ್ಟಗ ತಾ."

"ಹಂಗ ಆಗಲ್ರೀ!"

ಕಾಗದ ಮುಟ್ಟಿ ನೋಡಿದ. ಗಟ್ಟಿ ಇತ್ತು! ಕೊಡದಲ್ಲಿ ತುರುಕಿದ, ನೀರು ಹಾಕಿದ, ದಾರಿಯುದ್ದಕ್ಕೂ ಕುಲುಕಿದ.

"ತೆಳ್ಳಗಾತು ನೋಡ್ರೀ! ಕುಡೀಬಹುದು!"

"ಎಲೈ, ಕಾಗದದ ಮ್ಯಾಲ ಒಂದು ಹನಿ ಶಾಯಿ ಹಾಕಿ ನೋಡಬೇಕು. ಹರಡಿದ್ರ ಅದನ್ನ ಅಲ್ಲೇ ಬಿಡಬೇಕು. ಹರಡದಿದ್ರ ಸುರುಳಿ ಸುತ್ತಿ, ದಾರ ಕಟ್ಟಿ, ಸುಕ್ಕು ಬೀಳದಂಗ ಹೆಗಲ ಮ್ಯಾಲ ಹೊತ್ತು ತರಬೇಕು!"

"ಈಗೇನು ತರ್ಲಿ?"

ಮಾಸ್ತರರಿಗೆ ಸಾಕಾಗಿತ್ತು. "ಏನೂ ಬ್ಯಾಡ. ನಿಮ್ಮವ್ವನ್ನ ಕರಕೊಂಡು ಬಾ. ನಿನ್ನ ಆಕಿಗೇ ಒಪ್ಪಿಸ್ತೀನಿ."

"ಹಂಗ ಆಗಲ್ರೀ!"

ನೀಲವ್ವ ರೊಟ್ಟಿ ತಟ್ಟುತ್ತಿದ್ದಳು. ಮಗ ಬಂದವನೇ ಧೋತರ ಹಿಂಡಿ ಅವಳ ಕೆನ್ನೆಗೆ ಒಂದು ಹನಿ ಶಾಯಿ ಹಚ್ಚಿದ, ಬಗ್ಗಿ ನೋಡಿದ. ಹರಡಲಿಲ್ಲ! ಕೌದಿ ಹಾಸಿ, ಅವ್ವನನ್ನು ಮಲಗಿಸಿ, ಸುರುಳಿ ಸುತ್ತಿ, ದಾರ ಕಟ್ಟಿ, ಹೆಗಲಿಗೇರಿಸಿಕೊಂಡ.

"ಬಿಡೋ ನನ್ನ! ಮಂದಿ ನಗ್ತಾರೋ!"

"ಸುಮ್ನಿರವ್ವಾ, ಸುಕ್ಕು ಬೀಳ್ತೈತಿ!"

ಕಲ್ಲು ಬಂದರೆ ಸುತ್ತಿ ಹೋದ, ತಗ್ಗು ಬಂದರೆ ನಿಂತು ಇಳಿದ. ಮಾಸ್ತರರ ಕಟ್ಟೆ ಮೇಲೆ ಬಿಚ್ಚಿ ಕೂರಿಸಿದ.

ಮಾಸ್ತರರು ನೆಲ ನೋಡುತ್ತಾ ಅಂದರು, "ನೀಲವ್ವಾ, ಇವಗ ಕಲಿಸೂದು ನನ್ನ ಕೈಲಾಗಂಗಿಲ್ಲ. ಕರಕೊಂಡು ಹೋಗವ್ವಾ."

ನೀಲವ್ವ ಮಗನ ಕಡೆ ನೋಡಿದಳು. ಕಣ್ಣು ತುಂಬಿ ಬಂತು. ನೀರು ಕೆನ್ನೆಗೆ ಇಳಿಯಿತು, ಶಾಯಿ ಗದ್ದದತನಕ ಹರಡಿತು.

ಅಡಿವೆಪ್ಪ ನೋಡಿದ. ಓಡಿಹೋಗಿ ಅವ್ವನನ್ನು ತಬ್ಬಿಕೊಂಡ.

"ಹರಡಿತ್ರೀ ಮಾಸ್ತರ್ರ! ಹರಡಿದ್ರ ಅಲ್ಲೇ ಬಿಡಬೇಕು ಅಂದಿದ್ರಿ! ನಾ ಬಿಡಂಗಿಲ್ರೀ! ಈಕೀನ ಮಾತ್ರ ಬಿಡಂಗಿಲ್ಲ!"

ಹುಟ್ಟಿದಾಗಿನಿಂದ ಹೇಳಿದ ಮಾತು ಅವನು ಮೀರಿದ್ದು ಅದೊಂದೇ ಸಲ. ಮಾಸ್ತರರು ಎದ್ದರು. ಒಳಗೆ ಹೋಗಿ ತಮ್ಮದೇ ಲೇಖನಿ, ತಮ್ಮದೇ ಶಾಯಿ, ತಮ್ಮದೇ ಕಾಗದ ತಂದು ಅವನ ಮುಂದಿಟ್ಟರು.

"ಇವತ್ತಿನಿಂದ ಎರಡು ಹೊತ್ತೂ ಇಲ್ಲೇ ಉಣ್ಣು, ಇಲ್ಲೇ ತಿದ್ದು. ಕಲಿಯೂತನಕ ನಾ ಕಲಿಸ್ತೀನಿ. ಮೊದಲು ಅವ್ವನ್ನ ಜ್ವಾಕ್ಯಾಗಿ ಮನಿ ಮುಟ್ಟಿಸಿ ಬಾ."

"ಹಂಗ ಆಗಲ್ರೀ!" ಅಂದ ಅಡಿವೆಪ್ಪ, ಮತ್ತೆ ಕೌದಿ ಹಾಸಿದ.

ನೀಲವ್ವ ಕಣ್ಣು ಒರೆಸಿಕೊಂಡಳು, ನಕ್ಕಳು, ತಾನೇ ಹೋಗಿ ಕೌದಿಯ ಮೇಲೆ ಮಲಗಿದಳು.

"ದಾರ ಒಂದೀಟು ಸಡಿಲ ಕಟ್ಟೋ ನನ್ನಪ್ಪಾ!"