ಬೇವಿನ ಮರದಡಿ ಒಂದು ಗಂಟೆ

ಖರ್ಚು ತಗ್ಗಿಸಲೆಂದು ದೊಡ್ಡ ಸಾಹೇಬರು ತಾಲ್ಲೂಕು ಆಸ್ಪತ್ರೆಗೆ ಬಂದರು. ಅಲ್ಲಿ ಆಫೀಸಿಗೆ ಹದಿನಾಲ್ಕು ಜನ. ಹೆರಿಗೆ ವಾರ್ಡಿಗೆ ಒಬ್ಬಳೇ ಆಯಾ, ಗಂಗಹನುಮಕ್ಕ. ಸಾಹೇಬರು ಪಟ್ಟಿ ನೋಡಿ, "ಈ ಆಯಾ ಹುದ್ದೆ ದಂಡ. ತೆಗೆದುಹಾಕಿ" ಎಂದರು.

"ತೆಗೀರಿ ಸ್ವಾಮಿ," ಎಂದಳು ಗಂಗಹನುಮಕ್ಕ. "ಅದಕ್ಕೆ ಮುಂಚೆ ಆಫೀಸಿನೋರೆಲ್ಲ ಒಂದು ಗಂಟೆ ಆ ಬೇವಿನ ಮರದಡಿ ಕೂತಿರ್ಲಿ. ಆಮೇಲೆ ನಾನು ಕೂರ್ತೀನಿ. ಯಾರನ್ನ ಹುಡುಕ್ಕೊಂಡು ಬರ್ತಾರೋ ನೋಡಿ."

ಸಾಹೇಬರಿಗೆ ತಮಾಷೆ ಎನಿಸಿತು. ಆಗಲಿ ಎಂದರು.

ಹದಿನಾಲ್ಕು ಜನವೂ ಹೋಗಿ ಕೂತರು. ಆ ಒಂದು ಗಂಟೆಯಲ್ಲಿ ಒಳಗೆ ಎರಡು ಮಕ್ಕಳು ಹುಟ್ಟಿದವು. ಮರದ ಕಡೆಗೆ ಒಂದು ನರಪಿಳ್ಳೆಯೂ ತಲೆ ಹಾಕಲಿಲ್ಲ.

ಆಮೇಲೆ ಗಂಗಹನುಮಕ್ಕ ಕೂತಳು. ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಒಬ್ಬ ಬಾಣಂತಿಯ ತಾಯಿ ಓಡಿಬಂದಳು. ಅವಳ ಹಿಂದೆ ನರ್ಸಮ್ಮ. ಅವರ ಹಿಂದೆ ಸಾಕ್ಷಾತ್ ಡಾಕ್ಟರೇ, ಕೈಗೆ ಹಾಕಿದ ಗ್ಲೌಸನ್ನೂ ತೆಗೆಯದೆ, "ಅಕ್ಕಾ, ಬೇಗ ಬಾ!" ಎನ್ನುತ್ತ ಬಂದರು.

ಸಾಹೇಬರು ತಾವಾಗಿಯೇ ಸರಿದು ದಾರಿ ಬಿಟ್ಟರು.

ಹೊರಟವಳು ತಿರುಗಿ ನಿಂತಳು. "ಸ್ವಾಮಿ, ತಾವು ಬೆಳಗ್ಗೆಯಿಂದ ಇಲ್ಲೇ ಇದ್ದೀರಿ. ನಿಮ್ಮ ಆಫೀಸಿಂದ ಒಂದು ಫೋನಾದ್ರೂ ಬಂತಾ?"

ಸಾಹೇಬರು ಜೇಬಿನಿಂದ ಫೋನು ತೆಗೆದು ನೋಡಿದರು. ಆಮೇಲೆ ಆ ಪಟ್ಟಿಯನ್ನು ಮಡಚಿ ಅದೇ ಜೇಬಿಗಿಟ್ಟುಕೊಂಡು, ಅವಳು ಹೋದ ದಿಕ್ಕಿಗೆ ಕೈಮುಗಿದರು.